ಡಚ್ಚರ ಒಡಂಬಡಿಕೆಯೂ ನಮ್ಮ ನಾಗಪುರದ ಕರಾರೂ

ಕಿತ್ತಳೆ ಹಣ್ಣಿನ ಸುಗ್ಗಿ, ವಿಧಾನಮಂಡಲದ ಅಧಿವೇಶನ—ಇವೆರಡೂ ನಾಗಪುರಕ್ಕೆ ಚಳಿಯ ಜೊತೆಗೇ ಬರುತ್ತವೆ. ಡಿಸೆಂಬರ್ ಸಮೀಪಿಸುತ್ತಲೇ ಸಿವಿಲ್ ಲೈನ್ಸಿನ ಗೋಡೆಗಳಿಗೆ ಹೊಸ ಬಣ್ಣ ಬೀಳುತ್ತದೆ. ರವಿ ಭವನದಲ್ಲಿ ಮಂತ್ರಿಗಳ ಬಂಗಲೆಗಳ ಬೀಗ ತೆಗೆಯುತ್ತಾರೆ. ಮುಂಬಯಿಯ ಮಂತ್ರಾಲಯದಿಂದ ಕಡತಗಳ ಗಂಟುಗಳು ಬಂದಿಳಿಯುತ್ತವೆ. ತಾರಾಂಕಿತ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಬೇಕಾದ ಕಚೇರಿಗಳಲ್ಲಿ ಗುಮಾಸ್ತರಿಗೆ ಆಗ ರಜೆಯ ಮಾತೇ ಇಲ್ಲ. ಒಂದೆರಡು ವಾರ ಈ ಗದ್ದಲ ನಡೆದು, ಮತ್ತೆ ಎಲ್ಲವೂ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಇಷ್ಟೊಂದು ಖರ್ಚು ಮಾಡಿಕೊಂಡು ಒಂದು ಸರ್ಕಾರವೇ ಎಂಟುನೂರು ಕಿಲೋಮೀಟರಿನಾಚೆಯಿಂದ ಇಲ್ಲಿಗೆ ಏಕೆ ಬರಬೇಕು ಎಂದು ನಮ್ಮ ಮಕ್ಕಳು ಕೇಳಿದರೆ, ಕೊಡಬೇಕಾದ ಉತ್ತರ ಒಂದೇ: ಹಿಂದೆ ಹಿರಿಯರು ಹಾಗೆಂದು ಮಾತು ಕೊಟ್ಟಿದ್ದಾರೆ.

ಆ ಮಾತಿನ ಚರಿತ್ರೆ ಸ್ವಾರಸ್ಯವಾದುದು. ನಾಗಪುರವು ೧೮೬೧ರಿಂದ ಮಧ್ಯ ಪ್ರಾಂತ್ಯದ ರಾಜಧಾನಿಯಾಗಿತ್ತು. ಸ್ವಾತಂತ್ರ್ಯ ಬಂದು ಆ ಪ್ರಾಂತ್ಯಕ್ಕೆ ಮಧ್ಯಪ್ರದೇಶವೆಂಬ ಹೆಸರಾದ ಮೇಲೂ ೧೯೫೬ರವರೆಗೆ ರಾಜಧಾನಿಯ ಪಟ್ಟ ಈ ಊರಿನದೇ. ಭಾಷಾವಾರು ಪ್ರಾಂತ್ಯಗಳ ಬೇಡಿಕೆ ದೇಶದಲ್ಲೆಲ್ಲ ಬಲವಾದಾಗ ವಿದರ್ಭದ ಮರಾಠಿ ಜನರ ಮುಂದೆ ಎರಡು ದಾರಿಗಳು ತೆರೆದುಕೊಂಡವು. ಪ್ರತ್ಯೇಕ ರಾಜ್ಯವಾಗಿ ನಿಲ್ಲುವುದು ಒಂದು. ಮುಂಬಯಿ ರಾಜಧಾನಿಯಾದ ವಿಶಾಲ ಮಹಾರಾಷ್ಟ್ರದಲ್ಲಿ ಸೇರುವುದು ಇನ್ನೊಂದು. ಸೇರಿದರೆ ಪಡುವಣ ಸೀಮೆಯ ಸಿರಿವಂತ ಜಿಲ್ಲೆಗಳ ನಡುವೆ ತಾವು ಮೂಲೆಗೆ ಬೀಳುತ್ತೇವೆಂಬ ಅಂಜಿಕೆ ಇಲ್ಲಿಯವರಿಗೆ ಇತ್ತು. ಆ ಅಂಜಿಕೆಯನ್ನು ತೆಗೆದುಹಾಕುವುದಕ್ಕಾಗಿ ೧೯೫೩ರ ಸೆಪ್ಟೆಂಬರ್ ೨೮ರಂದು ಮೂರೂ ಪ್ರದೇಶಗಳ ಮುಖಂಡರು ಒಂದು ಕಾಗದಕ್ಕೆ ರುಜು ಹಾಕಿದರು. ಶ್ರೀ ಯಶವಂತರಾವ್ ಚವಾಣ್, ಶ್ರೀ ಭಾವೂಸಾಹೇಬ್ ಹಿರೇ, ಶ್ರೀ ಆರ್. ಕೆ. ಪಾಟೀಲ್ ಮೊದಲಾದವರು ಸಹಿ ಮಾಡಿದ ಆ ಕಾಗದವೇ ‘ನಾಗಪುರ ಕರಾರು’ ಎಂದು ಹೆಸರಾಯಿತು.

ಕರಾರಿನಲ್ಲಿ ಹನ್ನೊಂದು ಅಂಶಗಳಿವೆ. ಅಭಿವೃದ್ಧಿಗೂ ಆಡಳಿತಕ್ಕೂ ವಿದರ್ಭ, ಮರಾಠವಾಡಾ, ಉಳಿದ ಮಹಾರಾಷ್ಟ್ರ ಎಂದು ಮೂರು ಘಟಕಗಳಿರಬೇಕು. ಹಣವನ್ನು ಜನಸಂಖ್ಯೆಗೆ ತಕ್ಕಂತೆ ಹಂಚಬೇಕು. ಹಿಂದುಳಿದ ಮರಾಠವಾಡಾದ ಕಡೆಗೆ ವಿಶೇಷ ಗಮನವಿರಬೇಕು. ಇದರ ವರದಿಯನ್ನು ವರ್ಷವರ್ಷವೂ ವಿಧಾನಸಭೆಯ ಮುಂದೆ ಇಡಬೇಕು. ಮಂತ್ರಿಮಂಡಲದಲ್ಲಿಯೂ ಸರ್ಕಾರಿ ನೌಕರಿಯಲ್ಲಿಯೂ ವೃತ್ತಿ ಶಿಕ್ಷಣದ ಸೀಟುಗಳಲ್ಲಿಯೂ ಅದೇ ಪ್ರಮಾಣದ ಪಾಲಿರಬೇಕು. ಹೈಕೋರ್ಟಿನ ಒಂದು ಪೀಠ ನಾಗಪುರದಲ್ಲಿರಬೇಕು. ವರ್ಷದಲ್ಲಿ ಒಂದು ಗೊತ್ತಾದ ಅವಧಿಗೆ ಸರ್ಕಾರವೇ ನಾಗಪುರಕ್ಕೆ ಬರಬೇಕು, ಒಂದು ಅಧಿವೇಶನವಾದರೂ ಇಲ್ಲಿ ನಡೆಯಬೇಕು. ಗಡಿಯನ್ನು ಸರಿಪಡಿಸುವಾಗ ಹಳ್ಳಿಯನ್ನೇ ಘಟಕವಾಗಿ ಹಿಡಿಯಬೇಕೆಂಬ ಮಾತೂ ಅದರಲ್ಲಿದೆ. ಮುಂದೆ ಬೆಳಗಾವಿಯ ವಾದದಲ್ಲಿ ಆ ಮಾತನ್ನು ಕನ್ನಡಿಗರಾದ ನಾವು ಬೇಕಾದಷ್ಟು ಸಲ ಕೇಳಿದ್ದೇವೆ.

೧೯೫೫ರಲ್ಲಿ ಫಜಲ್ ಅಲಿ ಆಯೋಗವು ವಿದರ್ಭವನ್ನು ಪ್ರತ್ಯೇಕ ರಾಜ್ಯ ಮಾಡಬಹುದೆಂದೇ ಶಿಫಾರಸು ಮಾಡಿತು. ಆದರೆ ಅದು ನಡೆಯಲಿಲ್ಲ. ೧೯೫೬ರ ನವೆಂಬರ್ ೧ರಂದು—ನಮ್ಮ ಕರ್ನಾಟಕ ಒಂದಾದ ದಿನವೇ—ವಿದರ್ಭವು ಮುಂಬಯಿ ರಾಜ್ಯವನ್ನು ಸೇರಿತು. ೧೯೬೦ರ ಮೇ ೧ರಂದು ಮಹಾರಾಷ್ಟ್ರದ ಭಾಗವಾಯಿತು. ರಾಜಧಾನಿಯಾಗಿದ್ದ ಊರು ಉಪರಾಜಧಾನಿಯಾಯಿತು.

ಭಿನ್ನ ಭಿನ್ನ ಜನ ಒಂದೇ ಮನೆಯಲ್ಲಿ ಬಾಳಬೇಕಾದಾಗ ಹೆಚ್ಚಿನವರು ಕಡಿಮೆಯವರನ್ನು ನುಂಗದಂತೆ ಆಳುವುದು ಹೇಗೆ? ಈ ಪ್ರಶ್ನೆ ನಾಗಪುರದ್ದು ಮಾತ್ರವಲ್ಲ. ಇದಕ್ಕೆ ಶತಮಾನಗಳಿಂದ ಒಂದು ಬಗೆಯ ಉತ್ತರವನ್ನು ರೂಢಿಸಿಕೊಂಡು ಬಂದವರು ಯೂರೋಪಿನ ಡಚ್ಚರು. ಅವರ ನೆದರ್ಲೆಂಡ್ಸ್ ದೇಶ ವಿಸ್ತೀರ್ಣದಲ್ಲಿ ನಮ್ಮ ವಿದರ್ಭದ ಅರ್ಧದಷ್ಟೂ ಇಲ್ಲ. ಜನಸಂಖ್ಯೆ ಸುಮಾರು ೧.೮ ಕೋಟಿ. ೨೦೧೧ರ ಜನಗಣತಿಯಲ್ಲಿ ವಿದರ್ಭದ ಜನಸಂಖ್ಯೆ ೨.೩ ಕೋಟಿ ಇತ್ತು. ಹೋಲಿಸಿ ನೋಡುವುದಕ್ಕೆ ಅಡ್ಡಿಯಿಲ್ಲ.

ಡಚ್ಚರಿಗೆ ಆಳುವ ವಿದ್ಯೆಯ ಮೊದಲ ಪಾಠ ಹೇಳಿದ್ದು ನೀರು. ಅವರ ನೆಲದ ಕಾಲುಭಾಗ ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿದೆ. ಕಟ್ಟೆ ಕಟ್ಟಿ, ನೀರನ್ನು ಹೊರಗೆ ಹಾಕಿ, ಒಣಗಿಸಿ ಪಡೆದ ಭೂಮಿಗೆ ಅವರ ಭಾಷೆಯಲ್ಲಿ ‘ಪೋಲ್ಡರ್’ ಎಂದು ಹೆಸರು. ಕಟ್ಟೆ ಒಂದು ಕಡೆ ಒಡೆದರೆ ಕ್ಯಾಥೊಲಿಕನ ಹೊಲವೂ ಮುಳುಗುತ್ತದೆ, ಪ್ರಾಟೆಸ್ಟಂಟನ ಹೊಲವೂ ಮುಳುಗುತ್ತದೆ. ಆದ್ದರಿಂದ ರಾಜ್ಯವೆಂಬುದು ನೆಲೆಯಾಗುವ ಮೊದಲೇ ಅಲ್ಲಿ ರೈತರು ಕೂಡಿ ನೀರಿನ ಮಂಡಳಿಗಳನ್ನು ಮಾಡಿಕೊಂಡರು. ರೈನ್‌ಲ್ಯಾಂಡ್ ಸೀಮೆಯ ಮಂಡಳಿಗೆ ೧೨೫೫ರ ಸನ್ನದು ಇದೆ. ಕಟ್ಟೆ ಕಟ್ಟಲು ಬಾರದವನು ಜಾಗ ಬಿಡಲಿ ಎಂಬುದು ಅಲ್ಲಿಯ ಹಳೆಯ ಗಾದೆ. ೧೯೫೦ರ ಸುಮಾರಿಗೆ ಇಂಥ ಮಂಡಳಿಗಳು ಎರಡೂವರೆ ಸಾವಿರದಷ್ಟಿದ್ದವು. ಒಂದರಲ್ಲೊಂದು ಸೇರುತ್ತ ಬಂದು ಈಗ ೨೧ ಉಳಿದಿವೆ. ಇವುಗಳಿಗೆ ಪ್ರತ್ಯೇಕ ಚುನಾವಣೆಯಿದೆ. ತಮ್ಮದೇ ತೆರಿಗೆ ಎತ್ತುವ ಅಧಿಕಾರವಿದೆ. ೧೯೫೩ರ ಫೆಬ್ರವರಿ ೧ರ ನಸುಕಿನಲ್ಲಿ ಸಮುದ್ರ ಉಕ್ಕಿ ೧,೮೩೬ ಜನ ಸತ್ತಾಗ ಆ ದೇಶ ಎಚ್ಚತ್ತು, ‘ಡೆಲ್ಟಾ’ ಕಟ್ಟೆಗಳನ್ನು ದಶಕಗಳ ಕಾಲ ಕಟ್ಟಿತು. ನಡುವೆ ಎಷ್ಟೋ ಮಂತ್ರಿಮಂಡಲಗಳು ಬಂದುಹೋದರೂ ಕೆಲಸ ನಿಲ್ಲಲಿಲ್ಲ.

ಎರಡನೆಯ ಪಾಠ ಧರ್ಮಕಲಹದ್ದು. ೧೫೭೯ರಲ್ಲಿ ಉಟ್ರೆಕ್ಟ್ ನಗರದಲ್ಲಿ ಉತ್ತರದ ಪ್ರಾಂತ್ಯಗಳು ಒಂದು ಒಕ್ಕೂಟ ಮಾಡಿಕೊಂಡವು. ೧೫೮೧ರಲ್ಲಿ ಸ್ಪೇನಿನ ದೊರೆ ತಮಗೆ ದೊರೆಯಲ್ಲವೆಂದು ಸಾರಿದವು. ಆ ಏಳು ಪ್ರಾಂತ್ಯಗಳ ಗಣರಾಜ್ಯದಲ್ಲಿ ಮುಖ್ಯ ವಿಷಯಗಳಿಗೆಲ್ಲ ಪ್ರಾಂತ್ಯಗಳ ಒಪ್ಪಿಗೆ ಬೇಕಾಗಿತ್ತು. ಹಾಲೆಂಡ್ ಪ್ರಾಂತ್ಯ ಎಷ್ಟೇ ಶ್ರೀಮಂತವಾಗಿದ್ದರೂ ಉಳಿದವರನ್ನು ಮಾತಿನಿಂದ ಒಲಿಸಿಕೊಳ್ಳಲೇಬೇಕಾಗಿತ್ತು. ಇಂದಿಗೂ ಅವರ ಸಂವಿಧಾನದಂತೆ ರಾಜಧಾನಿ ಆಮ್‌ಸ್ಟರ್‌ಡ್ಯಾಂ; ಆದರೆ ಸರ್ಕಾರ, ಸಂಸತ್ತು ಎಲ್ಲವೂ ಇರುವುದು ಹೇಗ್ ಪಟ್ಟಣದಲ್ಲಿ. ಎರಡು ಊರುಗಳ ನಡುವೆ ಗೌರವವನ್ನು ಹಂಚುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆ ಸಮಾಜ ನಾಲ್ಕು ‘ಕಂಬ’ಗಳಾಗಿ ನಿಂತಿತು: ಕ್ಯಾಥೊಲಿಕರು, ಪ್ರಾಟೆಸ್ಟಂಟರು, ಸಮಾಜವಾದಿಗಳು, ಉದಾರವಾದಿಗಳು. ಪ್ರತಿಯೊಂದು ಕಂಬಕ್ಕೂ ತನ್ನದೇ ಪಕ್ಷ, ಪತ್ರಿಕೆ, ಕಾರ್ಮಿಕ ಸಂಘ. ಮುಂದೆ ರೇಡಿಯೋ ಸಹ. ಮಗು ಹುಟ್ಟಿದಂದಿನಿಂದ ಮುದುಕನಾಗಿ ಸಾಯುವವರೆಗೆ ಇನ್ನೊಂದು ಕಂಬದವರ ಅಂಗಡಿಯ ಮೆಟ್ಟಿಲು ಹತ್ತದೆಯೂ ಬದುಕಬಹುದಾಗಿತ್ತು. ಜಾತಿಗೊಂದು ವಿದ್ಯಾರ್ಥಿನಿಲಯ, ಸಮಾಜಕ್ಕೊಂದು ವಿದ್ಯಾಸಂಸ್ಥೆ ಕಟ್ಟಿಕೊಂಡು ಬೆಳೆದ ನಮ್ಮ ಕನ್ನಡ ನಾಡಿನವರಿಗೆ ಇದು ತೀರ ಅಪರಿಚಿತವಾದ ಚಿತ್ರವೇನೂ ಅಲ್ಲ. ಆ ಕಂಬಗಳು ಒಂದನ್ನೊಂದು ಬೀಳಿಸದೆ ಸೂರನ್ನು ಹೊತ್ತದ್ದು ಹೇಗೆ? ೧೯೧೭ರಲ್ಲಿ ಒಂದು ದೊಡ್ಡ ಕೊಡುಕೊಳ್ಳುವಿಕೆ ಆಯಿತು. ಧಾರ್ಮಿಕ ಶಾಲೆಗಳಿಗೂ ಸರ್ಕಾರಿ ಶಾಲೆಗಳಷ್ಟೇ ಹಣ ಕೊಡಬೇಕೆಂದು ಒಂದು ಕಡೆಯವರು ಪಡೆದರು. ವಯಸ್ಕ ಗಂಡಸರಿಗೆಲ್ಲ ಮತದಾನದ ಹಕ್ಕು ಬೇಕೆಂದು ಇನ್ನೊಂದು ಕಡೆಯವರು ಪಡೆದರು. ೧೯೧೯ರಲ್ಲಿ ಹೆಂಗಸರಿಗೂ ಮತ ಬಂದಿತು. ಇವೆಲ್ಲದರ ಜೊತೆಗೆ ಬಿದ್ದ ಮತಗಳ ಪ್ರಮಾಣದಂತೆ ಸ್ಥಾನ ಹಂಚುವ ಚುನಾವಣಾ ಕ್ರಮವೂ ಬಂದಿತು. ಅವರ ಕೆಳಮನೆಯಲ್ಲಿ ೧೫೦ ಸ್ಥಾನಗಳು. ನೂರೈವತ್ತನೆಯ ಒಂದು ಪಾಲು ಮತ ಬಂದ ಪಕ್ಷಕ್ಕೂ ಒಂದು ಕುರ್ಚಿ ಉಂಟು.

ಈ ಕ್ರಮ ಬಂದಂದಿನಿಂದ ಇಂದಿನವರೆಗೆ ಯಾವ ಒಂದು ಪಕ್ಷಕ್ಕೂ ಅಲ್ಲಿ ಸ್ವಂತ ಬಹುಮತ ದೊರೆತಿಲ್ಲ. ಚುನಾವಣೆ ಮುಗಿದ ಮೇಲೆಯೇ ನಿಜವಾದ ಕೆಲಸ ಆರಂಭ. ಒಬ್ಬ ಹಿರಿಯರನ್ನು ಸಂಧಾನಕ್ಕೆ ನೇಮಿಸುತ್ತಾರೆ. ಅವರು ಪಕ್ಷಪಕ್ಷಗಳ ಮುಖಂಡರನ್ನು ಕೂರಿಸಿ, ಯಾರಿಗೆ ಏನು ಬಿಟ್ಟುಕೊಡಲು ಸಾಧ್ಯ ಎಂದು ವಿಚಾರಿಸಿ, ಕೊನೆಗೆ ಆಡಳಿತದ ಒಪ್ಪಂದವನ್ನು ಬರೆಯಿಸುತ್ತಾರೆ. ಇದು ಬೇಗ ಮುಗಿಯುವ ಕೆಲಸವಲ್ಲ. ೨೦೧೭ರಲ್ಲಿ ೨೨೫ ದಿನ ಹಿಡಿಯಿತು. ೨೦೨೧ರ ಮಾರ್ಚಿನ ಚುನಾವಣೆಯ ನಂತರ ೨೯೯ ದಿನ. ಮಾಲೀಕರು, ಕಾರ್ಮಿಕರು ಕೂಡಿ ಕೂರುವ ಪದ್ಧತಿಯೂ ಹೀಗೆಯೇ. ೧೯೮೨ರಲ್ಲಿ, ನಿರುದ್ಯೋಗ ಏರುತ್ತಿದ್ದ ಕಾಲದಲ್ಲಿ, ಕಾರ್ಮಿಕ ನಾಯಕ ವಿಮ್ ಕೋಕ್ ಮತ್ತು ಮಾಲೀಕರ ಪರವಾಗಿ ಕ್ರಿಸ್ ಫಾನ್ ಫೇನ್ ವಾಸೆನಾರ್ ಎಂಬ ಊರಿನಲ್ಲಿ ಒಂದು ಒಪ್ಪಂದಕ್ಕೆ ಬಂದರು: ಕೂಲಿಯ ಏರಿಕೆಗೆ ಹಿಡಿತ, ಪ್ರತಿಯಾಗಿ ದುಡಿಮೆಯ ಗಂಟೆಗಳ ಇಳಿಕೆ. ಆ ಕೋಕ್ ಅವರೇ ೧೯೯೪ರಿಂದ ೨೦೦೨ರವರೆಗೆ ಪ್ರಧಾನಿಯಾಗಿದ್ದರು. ಹೀಗೆ ಕೂತು ಮಾತಾಡಿ ಮುಗಿಸುವುದಕ್ಕೆ ಡಚ್ ಭಾಷೆಯಲ್ಲಿ ‘ಪೋಲ್ಡರ್ ಮಾಡುವುದು’ ಎಂಬ ಕ್ರಿಯಾಪದವೇ ಹುಟ್ಟಿಕೊಂಡಿದೆ.

ಈ ಪದ್ಧತಿಯನ್ನು ಶಾಸ್ತ್ರೀಯವಾಗಿ ವಿವರಿಸಿದ ವಿದ್ವಾಂಸ ಅರೆಂಡ್ ಲೈಪ್‌ಹಾರ್ಟ್ ೧೯೬೮ರಲ್ಲಿ ತಮ್ಮ ದೇಶದ ಮೇಲೆ ಗ್ರಂಥ ಬರೆದರು. ೧೯೯೬ರಲ್ಲಿ ನಮ್ಮ ಭಾರತದ ಮೇಲೆಯೂ ಒಂದು ಪ್ರಬಂಧ ಬರೆದು, ಇಷ್ಟು ಭಾಷೆ, ಇಷ್ಟು ಧರ್ಮಗಳ ಈ ದೇಶ ಪ್ರಜಾಪ್ರಭುತ್ವವಾಗಿ ಉಳಿದಿರುವುದು ಅಧಿಕಾರವನ್ನು ಹಂಚಿಕೊಳ್ಳುವ ಇಂಥದೇ ರೂಢಿಯಿಂದ ಎಂದು ವಾದಿಸಿದರು. ನಾಗಪುರ ಕರಾರನ್ನು ಓದಿದವರಿಗೆ ಆ ವಾದ ಸುಲಭವಾಗಿ ಅರ್ಥವಾಗುತ್ತದೆ. ಪ್ರಮಾಣದ ಪಾಲು, ಘಟಕಗಳ ಮಾನ್ಯತೆ, ವರ್ಷದ ಲೆಕ್ಕ—ಎಲ್ಲವೂ ಅದರಲ್ಲಿದೆ.

ಹಾಗಾದರೆ ಅಲ್ಲಿ ಒಪ್ಪಂದ ನಡೆಯುತ್ತದೆ, ಇಲ್ಲಿ ಏಕೆ ಕುಂಟಿತು? ಡಚ್ಚರು ನಮಗಿಂತ ಸತ್ಯವಂತರು ಎಂದು ಉತ್ತರಿಸಿದರೆ ಅದು ಸೋಮಾರಿತನದ ಉತ್ತರ. ಅಲ್ಲಿ ಇಂದು ಮಾತು ತಪ್ಪಿದವನಿಗೆ ನಾಳೆ ಸರ್ಕಾರ ಕಟ್ಟಲು ಅದೇ ಮನುಷ್ಯನ ಬಾಗಿಲಿಗೆ ಹೋಗಬೇಕಾಗುತ್ತದೆ. ಒಬ್ಬರಿಗೊಬ್ಬರ ಅಗತ್ಯ ಪ್ರತಿ ನಾಲ್ಕು ವರ್ಷಕ್ಕೊಮ್ಮೆಯಾದರೂ ಮರುಕಳಿಸುತ್ತದೆ. ಇಲ್ಲಿಯೋ, ಕರಾರಿಗೆ ಸಹಿ ಬೀಳುವವರೆಗೆ ವಿದರ್ಭದ ಒಪ್ಪಿಗೆ ಬೇಕಾಗಿತ್ತು. ಒಮ್ಮೆ ರಾಜ್ಯವಾದ ಮೇಲೆ ಲೆಕ್ಕ ಬದಲಾಯಿತು. ೨೮೮ ಸ್ಥಾನಗಳ ವಿಧಾನಸಭೆಯಲ್ಲಿ ವಿದರ್ಭಕ್ಕೆ ೬೨, ಮರಾಠವಾಡಾಕ್ಕೆ ೪೬. ಎರಡೂ ಸೇರಿದರೂ ಬಹುಮತವಿಲ್ಲ. ಕರಾರು ತಾನಾಗಿ ಕಾಯಿದೆಯೂ ಆಗಿರಲಿಲ್ಲ. ಸಂವಿಧಾನದ ೩೭೧ನೆಯ ವಿಧಿಯ ಎರಡನೆಯ ಖಂಡ ೧೯೫೬ರಲ್ಲಿ ಪ್ರತ್ಯೇಕ ಅಭಿವೃದ್ಧಿ ಮಂಡಳಿಗಳಿಗೆ ಅವಕಾಶ ಮಾಡಿಕೊಟ್ಟಿತು. ಆ ಮಂಡಳಿಗಳು ನಿಜವಾಗಿ ಹುಟ್ಟಿದ್ದು ೧೯೯೪ರಲ್ಲಿ. ಅಂದರೆ ಬರೆದದ್ದು ನಡೆಯುವುದಕ್ಕೆ ಮೂವತ್ತೆಂಟು ವರ್ಷ ಬೇಕಾಯಿತು.

ಅಷ್ಟರಲ್ಲಿ ಆದ ಕೊರತೆಯನ್ನು ಅಳೆದವರು ಅರ್ಥಶಾಸ್ತ್ರಜ್ಞ ಪ್ರೊ. ವಿ. ಎಂ. ದಾಂಡೇಕರ್. ೧೯೮೩ರಲ್ಲಿ ನೇಮಕವಾದ ಅವರ ಸಮಿತಿ ರಸ್ತೆ, ನೀರಾವರಿ, ಶಾಲೆ, ಆಸ್ಪತ್ರೆ ಎಂದು ಒಂದೊಂದನ್ನೂ ಜಿಲ್ಲಾವಾರು ತೂಗಿ, ೧೯೮೪ರಲ್ಲಿ ರಾಜ್ಯದ ಒಟ್ಟು ಬಾಕಿಯನ್ನು ೩,೧೮೬ ಕೋಟಿ ರೂಪಾಯಿಗಳಿಗೂ ಮೇಲೆಂದು ಲೆಕ್ಕ ಹಾಕಿತು. ಅದರಲ್ಲಿ ನೂರಕ್ಕೆ ೩೯ರಷ್ಟು ವಿದರ್ಭದ್ದು. ಗಮನಿಸಬೇಕಾದ ಸಂಗತಿಯೆಂದರೆ, ಈ ಬಾಕಿ ಬೆಳೆದ ಕಾಲದಲ್ಲಿ ಮುಖ್ಯಮಂತ್ರಿಯ ಕುರ್ಚಿ ವಿದರ್ಭಕ್ಕೆ ದೊರೆಯದೆ ಇರಲಿಲ್ಲ. ಚಂದ್ರಪುರದ ಶ್ರೀ ಮಾರೋತರಾವ್ ಕನ್ನಮ್ವಾರ್ ಇದ್ದರು. ಯವತಮಾಳ ಜಿಲ್ಲೆಯ ಪುಸದ್‌ನ ಶ್ರೀ ವಸಂತರಾವ್ ನಾಯಕರು ೧೯೬೩ರಿಂದ ೧೯೭೫ರವರೆಗೆ ಆಳಿದರು. ಕುರ್ಚಿಯಲ್ಲಿ ಪಾಲು ಸಿಕ್ಕಿದ ಮಾತ್ರಕ್ಕೆ ಕಾಲುವೆಯಲ್ಲಿ ಪಾಲು ಸಿಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಕಾಲುವೆಯ ಮಾತು ಬಂದಿತು: ಭಂಡಾರಾ ಜಿಲ್ಲೆಯ ಗೋಸೀಖುರ್ದ್ ಅಣೆಕಟ್ಟಿಗೆ ಮೊದಲ ಅಂದಾಜು ೩೭೨ ಕೋಟಿ. ೧೯೮೮ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಶಂಕುಸ್ಥಾಪನೆ ಮಾಡಿದರು. ವೆಚ್ಚ ಹಲವು ಸಾವಿರ ಕೋಟಿಗೆ ಏರಿತು. ಶಂಕುಸ್ಥಾಪನೆಯ ದಿನ ಹುಟ್ಟಿದ ಮಕ್ಕಳು ಮೂವತ್ತು ದಾಟಿದರೂ ಕಾಲುವೆಯ ಕೆಲಸ ಮುಗಿಯಲಿಲ್ಲ.

ನೀರನ್ನು ಕೂಡಿ ಆಳುವ ವಿದ್ಯೆ ಈ ಸೀಮೆಗೆ ಗೊತ್ತಿರಲಿಲ್ಲವೆಂದಲ್ಲ. ಭಂಡಾರಾ, ಗೋಂದಿಯಾ ಕಡೆಗೆ ಹೋದರೆ ಮಾಲ್‌ಗುಜಾರಿ ಕೆರೆಗಳೆಂಬ ಸಾವಿರಾರು ಹಳೆಯ ಕೆರೆಗಳಿವೆ. ಕೋಹಳಿ ಜನ ಕಟ್ಟಿದ ಕೆರೆಗಳು ಅವು. ಯಾರ ಗದ್ದೆಗೆ ಯಾವಾಗ ನೀರು, ಹೂಳು ತೆಗೆಯಲು ಯಾವ ಮನೆಯಿಂದ ಎಷ್ಟು ಆಳು ಎಂಬುದೆಲ್ಲ ಊರಿನಲ್ಲೇ ತೀರ್ಮಾನವಾಗುತ್ತಿತ್ತು. ನಮ್ಮ ಕಡೆಯ ನೀರುಗಂಟಿಯ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾಲ್‌ಗುಜಾರಿ ರದ್ದಾದ ೧೯೫೦ರ ಕಾಯಿದೆಯ ನಂತರ ಕೆರೆಗಳು ಸರ್ಕಾರದ ವಶವಾದವು. ಜಮೀನುದಾರಿ ಹೋದದ್ದು ನ್ಯಾಯವೇ. ಆದರೆ ಅದರೊಡನೆ ಕೆರೆಯನ್ನು ಕಾಯುವ ಊರಿನ ಕೂಟವೂ ಸಡಿಲವಾಗಿ, ಹೂಳು ತುಂಬುತ್ತ ಹೋಯಿತು. ಡಚ್ಚರು ಮಂಡಳಿಗಳನ್ನು ಕೂಡಿಸಿದರು; ನಾವು ಅವುಗಳನ್ನು ಕಡತದೊಳಗೆ ಸೇರಿಸಿದೆವು.

೧೯೯೪ರಲ್ಲಿ ಬಂದ ಅಭಿವೃದ್ಧಿ ಮಂಡಳಿಗಳ ಅವಧಿಯೂ ೨೦೨೦ರ ಏಪ್ರಿಲ್ ೩೦ಕ್ಕೆ ತೀರಿತು. ಮತ್ತೆ ಸ್ಥಾಪಿಸಬೇಕೆಂದು ರಾಜ್ಯದ ಮಂತ್ರಿಮಂಡಲ ೨೦೨೨ರಲ್ಲಿ ನಿರ್ಧರಿಸಿತು. ೨೦೨೦ ಮತ್ತು ೨೦೨೧ರಲ್ಲಿ ಕೊರೊನಾ ಕಾರಣದಿಂದ ಚಳಿಗಾಲದ ಅಧಿವೇಶನವೂ ಮುಂಬಯಿಯಲ್ಲೇ ನಡೆಯಿತು.

ಇದನ್ನು ಓದುವ ಬೆಳಗಾವಿ, ಕಲಬುರಗಿ ಕಡೆಯ ವಾಚಕರು ಮನಸ್ಸಿನಲ್ಲೇ ನಗುತ್ತಿರಬಹುದು. ನಮ್ಮ ರಾಜ್ಯದಲ್ಲಿಯೂ ಕಥೆ ಬೇರೆಯಲ್ಲ. ೨೦೦೨ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ೧೭೫ ತಾಲ್ಲೂಕುಗಳಲ್ಲಿ ೧೧೪ ಹಿಂದುಳಿದಿವೆಯೆಂದೂ ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದಿವೆಯೆಂದೂ ಹೇಳಿತು. ೨೦೦೬ರಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಆರಂಭವಾಯಿತು; ೨೦೧೨ರ ಅಕ್ಟೋಬರ್ ೧೧ರಂದು ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಅದೇ ವರ್ಷದ ತಿದ್ದುಪಡಿಯಿಂದ ೩೭೧-ಜೆ ವಿಧಿ ಬಂದು ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ಸೀಟು, ನೌಕರಿಗಳಲ್ಲಿ ಮೀಸಲು ದೊರೆಯಿತು. ಇಲ್ಲೊಂದು ಭೇದವನ್ನು ಕಾಣಬೇಕು. ಸುವರ್ಣಸೌಧದ ಅಧಿವೇಶನ ನಡೆದರೂ ನಡೆಯದಿದ್ದರೂ ರಾಯಚೂರಿನ ಹುಡುಗಿ ತನಗೆ ಬರಬೇಕಾದ ವೈದ್ಯಕೀಯ ಸೀಟನ್ನು ಕಾಯಿದೆಯ ಬಲದಿಂದ ಕೇಳಿ ಪಡೆಯಬಲ್ಲಳು. ಅಧಿವೇಶನ ಒಂದು ಮರ್ಯಾದೆ. ವಿಧಿ ಒಂದು ಹಕ್ಕು. ಮರ್ಯಾದೆ ಬೇಡವೆಂದಲ್ಲ, ಅದು ಹಕ್ಕಿನ ಜಾಗದಲ್ಲಿ ಕುಳಿತುಕೊಳ್ಳಬಾರದು.

ಡಚ್ಚರ ಪದ್ಧತಿಯನ್ನು ಹೊಗಳುವಾಗ ಅದರ ದೋಷವನ್ನು ಮುಚ್ಚಿಡುವುದೂ ಸಲ್ಲದು. ಮುಖಂಡರು ಬಾಗಿಲು ಹಾಕಿಕೊಂಡು ಒಪ್ಪಿದರೆ ಹೊರಗೆ ನಿಂತವನ ಕೂಗು ಕೇಳಿಸುವುದಿಲ್ಲ. ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಮೋಸವಾಗುತ್ತಿದೆಯೆಂದು ಅಲ್ಲಿಯ ತೆರಿಗೆ ಇಲಾಖೆ ಅರ್ಜಿಯಲ್ಲಿನ ಸಣ್ಣ ಲೋಪಕ್ಕೂ ಪೂರ್ತಿ ಹಣವನ್ನು ಹಿಂದಕ್ಕೆ ಕೇಳಿ ಸಾವಿರಾರು ತಂದೆತಾಯಿಗಳನ್ನು ಸಾಲದಲ್ಲಿ ಮುಳುಗಿಸಿತು. ಕಠಿಣ ನಿಯಮಕ್ಕೆ ಬೇರೆ ಬೇರೆ ಪಕ್ಷಗಳ ಸಮ್ಮತಿಯಿತ್ತು. ಆದ್ದರಿಂದಲೇ ‘ಇದು ಅನ್ಯಾಯ’ ಎನ್ನುವವರ ದನಿ ಬಹುಕಾಲ ಕ್ಷೀಣವಾಗಿತ್ತು. ಕೊನೆಗೆ ೨೦೨೧ರ ಜನವರಿಯಲ್ಲಿ ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಡಬೇಕಾಯಿತು. ಕಡತ ನೋಡುವ ಪ್ರತಿಯೊಬ್ಬನೂ ನೆನಪಿನಲ್ಲಿಡಬೇಕಾದ ಪ್ರಸಂಗವಿದು. ನಮೂನೆಯಲ್ಲಿ ಒಂದು ಸಹಿ ಬಿಟ್ಟುಹೋದವನು ಕಳ್ಳನಲ್ಲ.

ನಮ್ಮ ಊರಿನಲ್ಲಿಯೂ ಬಾಗಿಲ ಹೊರಗೆ ನಿಂತವರ ನೆನಪು ಒಂದುಂಟು. ೧೯೯೪ರ ನವೆಂಬರ್ ೨೩ರಂದು, ಅಧಿವೇಶನ ನಡೆಯುತ್ತಿರುವಾಗ, ಪರಿಶಿಷ್ಟ ಪಂಗಡದ ಮಾನ್ಯತೆ ಬೇಡಿ ಬಂದ ಗೋವಾರಿ ಜನರ ಮೋರ್ಚಾದ ಮೇಲೆ ಲಾಠಿ ಬೀಸಿ, ಆದ ನೂಕುನುಗ್ಗಲಿನಲ್ಲಿ ೧೧೪ ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಹೆಂಗಸರು, ಮಕ್ಕಳೇ ಬಹಳ. ಝೀರೋ ಮೈಲಿನ ಬಳಿ ಅವರ ಸ್ಮಾರಕವಿದೆ. ಸೀತಾಬರ್ಡಿಯ ಮೇಲುಸೇತುವೆಗೆ ಅವರ ಹೆಸರಿದೆ. ಅದೇ ವರ್ಷ ಅಭಿವೃದ್ಧಿ ಮಂಡಳಿ ಹುಟ್ಟಿತು ಎಂಬುದನ್ನು ಜೊತೆಗಿಟ್ಟು ನೋಡಿದರೆ, ಪ್ರದೇಶಕ್ಕೆ ನ್ಯಾಯ ಸಿಕ್ಕುವುದೂ ಆ ಪ್ರದೇಶದ ತೀರ ಕೆಳಗಿನವನಿಗೆ ನ್ಯಾಯ ಸಿಕ್ಕುವುದೂ ಒಂದೇ ಅಲ್ಲವೆಂದು ತಿಳಿಯುತ್ತದೆ.

ವಿದರ್ಭ ಬೇರೆಯಾಗಬೇಕೋ ಬೇಡವೋ ಎಂಬುದು ಈ ನೆಲದ ಜನ ತೀರ್ಮಾನಿಸಬೇಕಾದ ವಿಷಯ. ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದು, ಮಕ್ಕಳನ್ನು ಇಲ್ಲೇ ಓದಿಸಿ, ಇಲ್ಲಿಯವರೇ ಆಗಿಹೋದ ನಮಗೂ ಅದರಲ್ಲಿ ಒಂದು ಮತವಿದೆ. ಆದರೆ ಬೇರೆಯಾದರೂ ಕೂಡಿದ್ದರೂ ಮೂರು ಮಾತುಗಳು ತಪ್ಪುವುದಿಲ್ಲ. ಕರಾರಿಗೆ ಕಾಯಿದೆಯ ಬಲವಿರಬೇಕು. ಅದರ ಲೆಕ್ಕ ವರ್ಷವರ್ಷವೂ ಸಭೆಯ ಮುಂದೆ, ಸಾಮಾನ್ಯನಿಗೆ ತಿಳಿಯುವ ಭಾಷೆಯಲ್ಲಿ ಬರಬೇಕು. ಮತ್ತು ದೊಡ್ಡವನಿಗೆ ಚಿಕ್ಕವನ ಅಗತ್ಯ ಸಹಿಯ ದಿನವಷ್ಟೇ ಅಲ್ಲ, ಸಹಿಯ ಮರುದಿನವೂ ಉಳಿಯುವಂತೆ ಏರ್ಪಾಡಿರಬೇಕು. ನಾಳೆ ವಿದರ್ಭವೇ ರಾಜ್ಯವಾದರೆ ಗಡಚಿರೋಲಿಯವನು ನಾಗಪುರದವನ ಮುಂದೆ ಇದೇ ಕರಾರನ್ನು ಹಿಡಿದು ನಿಲ್ಲುತ್ತಾನೆ. ಅವನಿಗೆ ನಾವು ಕೊಡುವ ಉತ್ತರ ಈಗಲೇ ಸಿದ್ಧವಾಗಿರಲಿ.